ಗೇಣಿ ಬಾಕಿಯೂ ಅತ್ತೆಯ ಕೊಳಗವೂ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ದೂರವಾಣಿ ಮಾಡಿದ್ದ. ಮನೆಯ ಮಾಲೀಕರಿಗೂ ಅವನಿಗೂ ಬಾಡಿಗೆಯ ವಿಷಯದಲ್ಲಿ ತಕರಾರು. ಎರಡು ತಿಂಗಳ ಬಾಡಿಗೆ ಬಾಕಿಯಿದೆ ಎಂದು ಅವರು, ಅದನ್ನು ಮುಂಗಡದಲ್ಲಿ ಮುರಿದುಕೊಳ್ಳಿ ಎಂದಿದ್ದೆ ಎಂದು ಇವನು. ಯಾವುದಕ್ಕೂ ಬರಹದಲ್ಲಿ ಆಧಾರವಿಲ್ಲ. "ಸರ್, ನ್ಯಾಯ ಯಾರ ಕಡೆ ಇದೆ ಹೇಳಿ" ಎಂದು ಕೇಳಿದ. ನಲವತ್ತು ವರ್ಷಗಳ ಹಿಂದೆ ಲೆಕ್ಕ ತಪ್ಪಿದಾಗ ಬೆಂಚಿನ ಮೇಲೆ ನಿಲ್ಲಿಸಿದ ಮೇಷ್ಟ್ರಿಂದ ಇಂದೂ ತೀರ್ಪನ್ನು ನಿರೀಕ್ಷಿಸುವ ಅವನ ಮುಗ್ಧತೆಗೆ ನಗು ಬಂದಿತಾದರೂ, ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಬಾಕಿ ಎಂಬ ಆ ಒಂದು ಮಾತು ನನ್ನನ್ನು ಐವತ್ತು ವರ್ಷಗಳ ಹಿಂದಕ್ಕೆ, ಸಾಗರ ಸೀಮೆಯ ಒಂದು ಹಳ್ಳಿಯ ಕಣಕ್ಕೆ ಕರೆದೊಯ್ದಿತು. ಅದನ್ನು ಬರೆಯಬೇಕೆಂದು ಬಹುಕಾಲದಿಂದ ಅಂದುಕೊಂಡಿದ್ದೆ. ಬಂಧುಗಳು ಓದುತ್ತಾರೆಂಬ ಅಳುಕಿನಿಂದ ಮುಂದೂಡುತ್ತಲೇ ಬಂದೆ. ಈಗ ಆ ಅಳುಕಿಗೂ ವಯಸ್ಸಾಗಿದೆ.

ಇಂದಿನ ಮಕ್ಕಳಿಗೆ ಗೇಣಿ ಎಂದರೆ ಏನೆಂದು ತಿಳಿಯದು. ಮತ್ತೊಬ್ಬರ ಭೂಮಿಯನ್ನು ಉತ್ತು ಬಿತ್ತಿ ಬೆಳೆದವನು ಭೂಮಿಯ ಒಡೆಯನಿಗೆ ವರ್ಷಕ್ಕೊಮ್ಮೆ ಕೊಡಬೇಕಾದ ಪಾಲು ಗೇಣಿ. ಕೊಡುವವನು ಒಕ್ಕಲು ಅಥವಾ ಗೇಣಿದಾರ. ಪಡೆಯುವವನು ಒಡೆಯ, ಧಣಿ. ನಮ್ಮ ಮಲೆನಾಡಿನಲ್ಲಿ ಅದನ್ನು ಭತ್ತದಲ್ಲಿ ಕೊಡುತ್ತಿದ್ದರು, ಕರಾವಳಿಯಲ್ಲಿ ಅಕ್ಕಿಯ ಮುಡಿಗಳಲ್ಲಿ. ಘಟ್ಟದ ಕೆಳಗೆ ಮೂಲಗೇಣಿ, ಚಾಲಗೇಣಿ, ವಾಯಿದೆ ಗೇಣಿ ಎಂಬ ಭೇದಗಳಿದ್ದವು. ಮೂಲಗೇಣಿದಾರನನ್ನು ಸುಲಭದಲ್ಲಿ ಎಬ್ಬಿಸುವಂತಿರಲಿಲ್ಲ, ಅವನ ಹಕ್ಕು ಮಕ್ಕಳು ಮೊಮ್ಮಕ್ಕಳಿಗೂ ಸಲ್ಲುತ್ತಿತ್ತು. ಚಾಲಗೇಣಿಯವನ ಬದುಕು ಮಾತ್ರ ಒಡೆಯನ ಮರ್ಜಿಯಲ್ಲಿತ್ತು. ನಮ್ಮ ಕಡೆ ಇಷ್ಟೆಲ್ಲ ಹೆಸರುಗಳಿರಲಿಲ್ಲ, ಆದರೆ ಬಹುಪಾಲು ಒಕ್ಕಲುಗಳ ಸ್ಥಿತಿ ಚಾಲಗೇಣಿಯವರದ್ದಕ್ಕಿಂತ ಉತ್ತಮವಾಗಿಯೂ ಇರಲಿಲ್ಲ. ಗೇಣಿ ಬಾಕಿ ಉಳಿಯಿತೆಂದರೆ ಮುಂದಿನ ಮಳೆಗಾಲಕ್ಕೆ ಗದ್ದೆ ಬೇರೊಬ್ಬನಿಗೆ ಹೋಗುತ್ತಿತ್ತು. ನ್ಯಾಯಾಲಯದ ಮಾತು ಆಮೇಲೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಬಾಕಿ ಎಷ್ಟೆಂದು ಗೊತ್ತಾಗುವುದು ಅಳತೆಯಿಂದ ಮತ್ತು ಲೆಕ್ಕದ ಪುಸ್ತಕದಿಂದ. ಅಳತೆಯ ಕೊಳಗ ಒಡೆಯನದು. ಲೆಕ್ಕದ ಪುಸ್ತಕವೂ ಒಡೆಯನದು. ಒಕ್ಕಲಿಗೆ ರಸೀದಿ ಕೊಡುವ ಪದ್ಧತಿ ಇರಲಿಲ್ಲ, ಕೊಟ್ಟರೂ ಓದಲು ಬಾರದು. ಸುಗ್ಗಿಯ ಕಾಲದಲ್ಲಿ ಧಣಿಯ ಅಂಗಳದಲ್ಲಿ ಭತ್ತ ಅಳೆಯುವ ದೃಶ್ಯವನ್ನು ಬಾಲ್ಯದಲ್ಲಿ ನಾನು ಅನೇಕ ಬಾರಿ ಕಂಡಿದ್ದೇನೆ. ಮೊದಲ ಕೊಳಗಕ್ಕೆ 'ಒಂದು' ಎನ್ನದೆ 'ಲಾಭ' ಎನ್ನುತ್ತಿದ್ದರು. ಅನಂತರ ಎರಡು, ಮೂರು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಅಳೆಯುವವನ ಕೈಚಳಕವೂ ಲೆಕ್ಕದ ಒಂದು ಭಾಗವೇ. ಕೊಳಗದ ಬಾಯಿಮಟ್ಟಕ್ಕೆ ಸವರಿ ಅಳೆಯುವುದು ಒಂದು ಬಗೆ, ಗೋಪುರದಂತೆ ರಾಶಿ ಏರಿಸಿ ಅಳೆಯುವುದು ಇನ್ನೊಂದು ಬಗೆ. ಅಂಗಳದ ಅಂಚಿನಲ್ಲಿ ಕೈಕಟ್ಟಿ ನಿಂತ ಒಕ್ಕಲಿನ ಕಣ್ಣು ಆ ಗೋಪುರದ ಮೇಲೆಯೇ ಇರುತ್ತಿತ್ತು, ಬಾಯಿ ಮಾತ್ರ ತೆರೆಯುತ್ತಿರಲಿಲ್ಲ.

ಆ ಬಾಯಿ ತೆರೆದದ್ದು ಕಾಗೋಡಿನಲ್ಲಿ.

ನಾನು ಹುಟ್ಟಿದ ಮೂರು ವರ್ಷಕ್ಕೆ, 1951ರಲ್ಲಿ, ನಮ್ಮ ಸಾಗರ ತಾಲ್ಲೂಕಿನಲ್ಲೇ ನಡೆದ ಸತ್ಯಾಗ್ರಹವದು. ಸಮಾಜ ಪಾಠದಲ್ಲಿ ಮೂರು ಪಾಣಿಪತ್ ಯುದ್ಧಗಳ ಇಸವಿಗಳನ್ನು ನಿಮಗೆಲ್ಲ ಬಾಯಿಪಾಠ ಮಾಡಿಸಿದೆ. ಬಸ್ಸಿನಲ್ಲಿ ಹೋಗಿ ಸಂಜೆಗೆ ಹಿಂತಿರುಗಬಹುದಾದ ಕಾಗೋಡಿನ ಹೆಸರನ್ನು ಒಮ್ಮೆಯೂ ಹೇಳಲಿಲ್ಲ. ಪಠ್ಯದಲ್ಲಿ ಇರಲಿಲ್ಲವೆಂಬುದು ನೆಪ. ಹೇಳಲು ಮನಸ್ಸಾಗಲಿಲ್ಲ ಎಂಬುದು ನಿಜ, ಏಕೆಂದರೆ ತರಗತಿಯಲ್ಲಿ ಒಡೆಯರ ಮಕ್ಕಳೂ ಒಕ್ಕಲು ಮಕ್ಕಳೂ ಪಕ್ಕಪಕ್ಕದಲ್ಲಿ ಕುಳಿತಿರುತ್ತಿದ್ದರು.

ಕಾಗೋಡಿನ ಭೂಮಿ ಒಡೆಯರ ಮನೆತನಕ್ಕೆ ಸೇರಿದ್ದು, ಉಳುವವರು ದೀವರು. ಗೇಣಿಯ ಹೊರೆಯಷ್ಟೇ ಅಲ್ಲದೆ ಬಿಟ್ಟಿ ಚಾಕರಿಯೂ ಇತ್ತು. ಮೊಣಕಾಲಿನ ಕೆಳಗಿಳಿಯುವಂತೆ ಪಂಚೆ ಉಡಲು ಒಕ್ಕಲುಗಳಿಗೆ ಅವಕಾಶವಿರಲಿಲ್ಲವೆಂದು ಆ ಕಡೆಯ ಹಿರಿಯರು ಹೇಳುತ್ತಿದ್ದರು. ಸ್ವಾತಂತ್ರ್ಯ ಬಂದ ಹೊಸತು. ಎಚ್. ಗಣಪತಿಯಪ್ಪನವರು ಸಾಗರ ತಾಲ್ಲೂಕಿನಲ್ಲಿ ರೈತ ಸಂಘವನ್ನು ಕಟ್ಟಿ ಒಕ್ಕಲುಗಳನ್ನು ಒಂದೆಡೆ ಸೇರಿಸುತ್ತಿದ್ದರು. ಅವರು ಎತ್ತಿದ ಬೇಡಿಕೆಗಳನ್ನು ಈಗ ನೆನೆದರೆ ಆಶ್ಚರ್ಯವಾಗುತ್ತದೆ. ಭೂಮಿ ನಮ್ಮದಾಗಲಿ ಎಂದು ಅವರು ಮೊದಲಿಗೆ ಕೇಳಲಿಲ್ಲ. ಎಲ್ಲರೂ ಒಪ್ಪಿದ ಅಳತೆಯ ಕೊಳಗದಿಂದ ಗೇಣಿ ಅಳೆಯಿರಿ, ಕೊಟ್ಟ ಗೇಣಿಗೆ ರಸೀದಿ ಕೊಡಿ ಎಂದರು. ಧಣಿಗಳ ಕೊಳಗ ರೂಢಿಯ ಕೊಳಗಕ್ಕಿಂತ ದೊಡ್ಡದೆಂಬುದು ಅವರ ದೂರು. ಹೆಚ್ಚು ಕೊಡಲಾರೆವು, ನಿಜವಾದಷ್ಟನ್ನು ಕೊಡುತ್ತೇವೆ ಎಂಬ ಈ ಮಾತು ಇಷ್ಟೊಂದು ಅಪಾಯಕಾರಿ ಎನಿಸಿದ್ದೇಕೆ ಎಂದು ನಾನು ಬಹಳ ಯೋಚಿಸಿದ್ದೇನೆ. ಕೊಳಗವನ್ನು ಪರೀಕ್ಷಿಸಲು ಒಪ್ಪಿದರೆ ಹಿಂದಿನ ಎಲ್ಲ ವರ್ಷಗಳ ಬಾಕಿಯನ್ನೂ ಪರೀಕ್ಷಿಸಬೇಕಾಗುತ್ತದಲ್ಲವೆ?

ಒಡೆಯರು ಒಪ್ಪಲಿಲ್ಲ, ಒಕ್ಕಲುಗಳು ಗೇಣಿ ಅಳೆಯಲಿಲ್ಲ. ಗೇಣಿ ಕೊಡದವರು ಗದ್ದೆಗಿಳಿಯಬಾರದೆಂದಾಯಿತು. 1951ರ ಏಪ್ರಿಲ್ 18ರಂದು ಒಕ್ಕಲುಗಳು ನೇಗಿಲು ಹಿಡಿದು ಗದ್ದೆಗಿಳಿದರು, ಪೊಲೀಸರು ಹಿಡಿದೊಯ್ದರು. ಮಾರನೆಯ ದಿನ ಇನ್ನೊಂದು ತಂಡ. ತಲೆತಲಾಂತರದಿಂದ ತಾನು ಉಳುತ್ತಿದ್ದ ಗದ್ದೆಗೆ ಇಳಿದದ್ದೇ ಅಪರಾಧವಾಗಿ ಮನುಷ್ಯ ಜೈಲಿಗೆ ಹೋಗುವುದನ್ನು ಆ ಸೀಮೆ ಹಿಂದೆಂದೂ ಕಂಡಿರಲಿಲ್ಲ. ಹೆಂಗಸರೂ ಹಿಂದುಳಿಯಲಿಲ್ಲ. ಸಮಾಜವಾದಿ ಪಕ್ಷದ ತರುಣರು ಬೇರೆ ಊರುಗಳಿಂದ ಬಂದು ಸೇರಿಕೊಂಡರು. ತೀರ್ಥಹಳ್ಳಿ ತಾಲ್ಲೂಕು ಆರಗದ ಶಾಂತವೇರಿ ಗೋಪಾಲಗೌಡರಿಗೆ ಆಗ ಇನ್ನೂ ಮೂವತ್ತು ತುಂಬಿರಲಿಲ್ಲ. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಅವರೇ ಕಾಗೋಡಿಗೆ ಬಂದರು. ಸಾಗರದ ರೈಲು ನಿಲ್ದಾಣದಲ್ಲಿ ರಾತ್ರಿಯ ಹೊತ್ತು ಅವರನ್ನು ಬಂಧಿಸಲಾಯಿತು. ಕೊಳಗದ ಜಗಳ ಇಡೀ ದೇಶದ ಪತ್ರಿಕೆಗಳಿಗೆ ಮುಟ್ಟಿದ್ದು ಹೀಗೆ.

ಸತ್ಯಾಗ್ರಹ ಅಲ್ಲಿಯೇ ಆಗಲೇ ಗೆದ್ದಿತೆಂದು ಹೇಳಿದರೆ ಇತಿಹಾಸಕ್ಕೆ ಅಪಚಾರ. ಮಲೆನಾಡಿನ ಮಳೆ ಯಾರಿಗೂ ಕಾಯುವುದಿಲ್ಲ. ಉಳುಮೆಯ ಹದ ತಪ್ಪಿದರೆ ಒಕ್ಕಲಿನ ಒಲೆ ಉರಿಯುವುದಿಲ್ಲ. ಭೂಮಿ ಒಕ್ಕಲುಗಳದ್ದಾಗಲಿಲ್ಲ. ಮರುವರ್ಷ, 1952ರಲ್ಲಿ, ಮೊದಲ ಮಹಾ ಚುನಾವಣೆ ನಡೆಯಿತು. ಗೋಪಾಲಗೌಡರು ಸಾಗರ-ಹೊಸನಗರ ಕ್ಷೇತ್ರದಿಂದ ವಿಧಾನಸಭೆಗೆ ಗೆದ್ದುಬಂದರು. ಕಾಗೋಡಿನ ಕೆ.ಜಿ. ಒಡೆಯರ್ ಅವರು ಕಾಂಗ್ರೆಸ್ಸಿನಿಂದ ಶಿವಮೊಗ್ಗದ ಲೋಕಸಭಾ ಸದಸ್ಯರಾದರು. ಗೇಣಿ ಕೇಳಿದವರೂ ಗೇಣಿ ನಿಲ್ಲಿಸಿದವರ ನಾಯಕರೂ ಅದೇ ಸೀಮೆಯ ಜನರ ಮತದಿಂದಲೇ ಗೆದ್ದುಬಂದರು. ಈ ಸಂಗತಿಯನ್ನು ಯಾವ ಸಿದ್ಧಾಂತದ ಚೌಕಟ್ಟಿಗೆ ಸೇರಿಸಬೇಕೋ ನನಗೆ ತಿಳಿಯದು.

ಕಾನೂನು ಬಂದಿತು, ಆದರೆ ತೆವಳುತ್ತ ಬಂದಿತು. 1952ರಲ್ಲಿ ಮೈಸೂರು ಗೇಣಿ ಶಾಸನವಾಯಿತು. ಆ ಕಾಲದ ಕಂದಾಯ ಸಚಿವರಾದ ಕಡಿದಾಳ್ ಮಂಜಪ್ಪನವರು ನಮ್ಮ ಜಿಲ್ಲೆಯವರೇ. ರಾಜ್ಯಗಳ ಪುನರ್ವಿಂಗಡಣೆಯಾದ ಮೇಲೆ ಐದು ಕಡೆಯ ಐದು ಬಗೆಯ ಕಾನೂನುಗಳನ್ನು ಒಂದುಗೂಡಿಸಲು ಬಿ.ಡಿ. ಜತ್ತಿಯವರ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಯಿತು. ಅದರ ಫಲವಾಗಿ ಬಂದ 1961ರ ಭೂಸುಧಾರಣಾ ಶಾಸನ ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಗೇಣಿಯು ಫಸಲಿನ ಕಾಲು ಭಾಗವನ್ನು ಮೀರಬಾರದೆಂದು ಅದರಲ್ಲಿತ್ತು. ಆದರೆ ಒಡೆಯನು ಸ್ವಂತ ಸಾಗುವಳಿಗೆಂದು ಭೂಮಿಯನ್ನು ಹಿಂದಕ್ಕೆ ಪಡೆಯುವ ದಾರಿಯೂ ಇತ್ತು. ಶಾಸನ ಬರುತ್ತದೆಂಬ ಸುದ್ದಿ ಹಬ್ಬಿದ ಮೇಲೆ ಜಾರಿಗೆ ಬರುವುದರೊಳಗೆ ಎಷ್ಟು ಒಕ್ಕಲುಗಳು 'ಸ್ವಸಂತೋಷದಿಂದ' ಗದ್ದೆ ಬಿಟ್ಟುಕೊಟ್ಟ ಕಾಗದಗಳಿಗೆ ಹೆಬ್ಬೆಟ್ಟು ಒತ್ತಿದರೋ! ಅಂಥ ಕಾಗದವೊಂದನ್ನು ನಾನೂ ಓದಿದ್ದೇನೆ. ಬರವಣಿಗೆ ಬಹಳ ಮುದ್ದಾಗಿತ್ತು.

ಘಟ್ಟದ ಕೆಳಗಿನ ಉತ್ತರ ಕನ್ನಡದ ಮಾತನ್ನೂ ಇಲ್ಲಿ ಒಂದೆರಡು ವಾಕ್ಯಗಳಲ್ಲಿ ಹೇಳಬೇಕು. ಕಾಗೋಡಿಗಿಂತ ಮೊದಲೇ, ಮುಂಬಯಿ ಪ್ರಾಂತದ ಆಡಳಿತದಲ್ಲಿ, ದಿನಕರ ದೇಸಾಯಿಯವರು ಅಂಕೋಲೆಯ ಸೀಮೆಯಲ್ಲಿ ಗೇಣಿದಾರರ ರೈತಕೂಟವನ್ನು ಕಟ್ಟಿದ್ದರು. ಅದಕ್ಕಾಗಿ ಬ್ರಿಟಿಷ್ ಸರ್ಕಾರ ಅವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಿತ್ತು. ಚುಟುಕು ಕವಿಯೆಂದೇ ಅವರನ್ನು ಬಲ್ಲ ನನ್ನ ಶಿಷ್ಯರು ಇದನ್ನೂ ತಿಳಿದಿರಲಿ.

ಇನ್ನು ನನ್ನ ಕತೆಗೆ ಬರುತ್ತೇನೆ.

ನನ್ನ ಸೋದರತ್ತೆಯನ್ನು ನಮ್ಮ ಬಂಧುಗಳಲ್ಲಿ ಹಿರಿಯರು ಬಲ್ಲರು. ಇಪ್ಪತ್ತಾರನೆಯ ವಯಸ್ಸಿಗೆ ವಿಧವೆಯಾದರು. ಮಕ್ಕಳಿಲ್ಲ. ಮಾವನ ಆಸ್ತಿ ಹಿಸ್ಸೆಯಾದಾಗ ಅವರ ಪಾಲಿಗೆ ಒಂದೂವರೆ ಎಕರೆ ಗದ್ದೆ, ಎರಡು ಕೋಣೆಯ ಮನೆ, ಒಂದು ಹಳೆಯ ಕೊಳಗ ಬಂದವು. ಗದ್ದೆಯನ್ನು 1960ರಲ್ಲಿ ಗೇಣಿಗೆ ಕೊಟ್ಟರು. ವರ್ಷಕ್ಕೆ ಹನ್ನೆರಡು ಖಂಡುಗ ಭತ್ತ. ಧಣಿಗಳೆಂದರೆ ಕಣ್ಣಿಗೆ ಕಟ್ಟುವ ಚಿತ್ರಕ್ಕೂ ನಮ್ಮ ಅತ್ತೆಗೂ ಯಾವ ಸಂಬಂಧವೂ ಇರಲಿಲ್ಲ. ಕೆಂಪು ಸೀರೆ, ಬೋಳು ಕೈ, ಒಂದೇ ಹೊತ್ತಿನ ಊಟ. ಆ ಭತ್ತವೇ ಅವರ ವರ್ಷದ ಅನ್ನ, ಮಿಕ್ಕದ್ದನ್ನು ಮಾರಿದ ಹಣವೇ ಉಪ್ಪು, ಎಣ್ಣೆ, ಔಷಧಿ.

ಅವರ ಒಕ್ಕಲು ಮಿತಭಾಷಿ, ದುಡಿಮೆಗಾರ. ಅವನ ಹಿರಿಯ ಮಗ ನನ್ನ ತರಗತಿಯಲ್ಲಿದ್ದ. ನಾನು ಅದೇ ಊರಿನ ಶಾಲೆಗೆ ಬಂದು ಮೂರು ವರ್ಷವಾಗಿತ್ತು. ಒಂದು ವರ್ಷ ಬೆಳೆಗೆ ರೋಗ ಬಿತ್ತು, ಗೇಣಿ ಅರ್ಧವಷ್ಟೇ ಬಂತು. ಮರುವರ್ಷ ಅವನ ಎತ್ತು ಸತ್ತಿತು, ಹೆಂಡತಿ ಹಾಸಿಗೆ ಹಿಡಿದಳು, ಗೇಣಿ ಬರಲೇ ಇಲ್ಲ. ಒಟ್ಟು ಹದಿನೆಂಟು ಖಂಡುಗ ಬಾಕಿ. 1974ರ ಫೆಬ್ರವರಿಯಲ್ಲಿ ಅತ್ತೆ ನನ್ನನ್ನು ಕರೆಸಿದರು. "ತಮ್ಮಾ, ಬಾಕಿ ಕೊಡಲಿ, ಇಲ್ಲವೇ ಗದ್ದೆ ಬಿಡಲಿ. ನಾನೇನು ತಿನ್ನಲಿ?" ಎಂದರು. ಆ ಮಾತಿನಲ್ಲಿ ದುರಾಸೆಯಿರಲಿಲ್ಲ, ಡಬ್ಬಿಯಲ್ಲಿ ಅಕ್ಕಿಯಿರಲಿಲ್ಲ ಅಷ್ಟೇ.

ಒಕ್ಕಲನ್ನೂ ಕರೆಸಿ ಜಗಲಿಯಲ್ಲಿ ಕುಳಿತು ಲೆಕ್ಕ ಹಾಕಿದೆವು. ಅತ್ತೆಯ ಬಳಿ ಮೈದುನ ಬರೆದಿಡುತ್ತಿದ್ದ ಕಡತವಿತ್ತು. ಅವನ ಬಳಿ ಏನೂ ಇರಲಿಲ್ಲ. ಅವನ ಮನೆಯ ಗೋಡೆಯ ಮೇಲೆ ಇದ್ದಿಲಿನ ಗೆರೆಗಳಿದ್ದವು. ಅದನ್ನು ನೋಡಲು ಅವನ ಮನೆಗೆ ಹೋದೆ. ಕಡತಕ್ಕೂ ಗೋಡೆಗೂ ಖಂಡುಗಗಳ ಎಣಿಕೆಯಲ್ಲಿ ಒಂದು ಕೊಳಗದ ವ್ಯತ್ಯಾಸವೂ ಇರಲಿಲ್ಲ. ಹಾಗಾದರೆ ಹದಿನೆಂಟು ಖಂಡುಗ ಬಾಕಿ ನಿಜ ತಾನೆ ಎಂದೆ. ಅವನು ತಲೆ ತಗ್ಗಿಸಿ, "ನಿಜ ಮೇಷ್ಟ್ರೇ, ಆದ್ರೆ ಅಮ್ಮಾರ ಕೊಳಗ ಒಂದ್ಸಲ ನೋಡ್ಬೇಕಿತ್ತು" ಎಂದ. ಹದಿನಾಲ್ಕು ವರ್ಷ ಆ ಮಾತನ್ನು ಅವನು ಎಲ್ಲಿ ಇಟ್ಟುಕೊಂಡಿದ್ದನೋ!

ಅಂಗಡಿಯೊಂದರಿಂದ ಸರ್ಕಾರಿ ಮುದ್ರೆಯಿದ್ದ ಹಳೆಯ ಸೇರನ್ನು ತಂದೆ. ಮೂರು ಸೇರಿನ ಕೊಳಗವೆಂದು ಎಲ್ಲರೂ ಹೇಳುತ್ತಿದ್ದ ಅತ್ತೆಯ ಕೊಳಗಕ್ಕೆ ಮೂರು ಸೇರು ಭತ್ತ ಸುರಿದೆ. ತುಂಬಲಿಲ್ಲ. ಮತ್ತೆ ಅರ್ಧ ಸೇರು ಹಿಡಿಯಿತು. ಅಲ್ಲಿದ್ದ ಮೂವರಲ್ಲಿ ಯಾರೂ ಮಾತಾಡಲಿಲ್ಲ.

ನನ್ನ ಶಿಷ್ಯರೇ, ಲೆಕ್ಕವನ್ನು ನೀವೂ ಮಾಡಿನೋಡಿ. ಹನ್ನೆರಡು ಖಂಡುಗವೆಂದರೆ ಇನ್ನೂರ ನಲವತ್ತು ಕೊಳಗ. ಕೊಳಗಕ್ಕೆ ಅರ್ಧ ಸೇರಿನಂತೆ ವರ್ಷಕ್ಕೆ ನೂರ ಇಪ್ಪತ್ತು ಸೇರು ಹೆಚ್ಚಿಗೆ ಹೋಗಿತ್ತು. ಹದಿನಾಲ್ಕು ವರ್ಷಗಳಲ್ಲಿ ಅವನು ಅಳೆದದ್ದು ಹನ್ನೆರಡೂವರೆ ವರ್ಷದ ಗೇಣಿ. ಅಂದರೆ ಹೆಚ್ಚಿಗೆ ಹೋದದ್ದು ಸಾವಿರದ ಐನೂರು ಸೇರು; ಮೂರು ಸೇರಿನ ಕೊಳಗದಲ್ಲಿ ಐನೂರು ಕೊಳಗ, ಇಪ್ಪತ್ತೈದು ಖಂಡುಗ. ಬಾಕಿಯೋ ಹದಿನೆಂಟು. ಏಳು ಖಂಡುಗವನ್ನು ಅತ್ತೆಯೇ ಅವನಿಗೆ ಕೊಡಬೇಕಾಗುತ್ತಿತ್ತು.

ಸ್ಲೇಟಿನ ಮೇಲೆ ಬರೆದ ಈ ಲೆಕ್ಕವನ್ನು ಅತ್ತೆ ಬಹಳ ಹೊತ್ತು ನೋಡಿದರು. "ಈ ಕೊಳಗ ನಾನು ಮಾಡಿಸಿದ್ದಲ್ಲ, ಈ ಮನೆಗೆ ನಾನು ಬರುವಾಗಲೇ ಇತ್ತು" ಎಂದರು. ಆಮೇಲೆ, "ಒಪ್ಪಂದ ಆದದ್ದು ಇದೇ ಕೊಳಗದಲ್ಲಿ. ಸೇರಿನ ಮಾತು ಆಗ ಯಾರೂ ಆಡಲಿಲ್ಲ" ಎಂದೂ ಸೇರಿಸಿದರು. ಅವರ ಮಾತನ್ನೂ ತಳ್ಳಿಹಾಕುವಂತಿರಲಿಲ್ಲ. ಹನ್ನೆರಡು ಖಂಡುಗವೆಂದು ಒಪ್ಪಿದವನು ಆ ಕೊಳಗವನ್ನು ಕಣ್ಣಾರೆ ಕಂಡೇ ಒಪ್ಪಿದ್ದ. ಆದರೆ ಒಪ್ಪದೆ ಬೇರೆ ಗತಿಯಿತ್ತೆ? ಅಂದು ಯಾವ ತೀರ್ಮಾನವೂ ಆಗಲಿಲ್ಲ. ಗದ್ದೆ ಬಿಡೆಂಬ ಮಾತನ್ನು ಅತ್ತೆ ಮತ್ತೆ ಎತ್ತಲಿಲ್ಲ, ಅಷ್ಟೇ.

ಕೆಲವೇ ದಿನಗಳಲ್ಲಿ, 1974ರ ಮಾರ್ಚ್ 1ರಿಂದ, ದೇವರಾಜ ಅರಸರ ಸರ್ಕಾರದ ತಿದ್ದುಪಡಿ ಜಾರಿಗೆ ಬಂತು. ಗೇಣಿಯ ಮೇಲಿದ್ದ ಭೂಮಿಯೆಲ್ಲ ಆ ದಿನದಿಂದ ಸರ್ಕಾರಕ್ಕೆ ಸೇರಿ, ಉಳುತ್ತಿದ್ದವನು ಅರ್ಜಿ ಹಾಕಿ ಹಕ್ಕು ಪಡೆಯಬೇಕು. ಅದಕ್ಕೆ ಫಾರಂ ನಂಬರ್ 7. ಊರಿನವರ ಬಾಯಲ್ಲಿ ಅದು 'ಡಿಕ್ಲರೇಷನ್' ಆಯಿತು, 'ಅವನು ಡಿಕ್ಲರೇಷನ್ ಕೊಟ್ಟ' ಎಂದರೆ ಎರಡು ಮನೆಗಳ ನಡುವಿನ ಮಾತು ಮುಗಿಯಿತೆಂದು ಅರ್ಥ. ಪ್ರತಿ ತಾಲ್ಲೂಕಿಗೆ ಅಸಿಸ್ಟೆಂಟ್ ಕಮಿಷನರ ಅಧ್ಯಕ್ಷತೆಯಲ್ಲಿ ಭೂ ನ್ಯಾಯಮಂಡಳಿ. ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಒಕ್ಕಲೂ ಒಡೆಯನೂ ತಮ್ಮ ಮಾತನ್ನು ತಾವೇ ಆಡಬೇಕು. ಹಿಂದಿನ ಶಾಸನದಲ್ಲಿ ವಿಧವೆಯರಿಗೆ ಇದ್ದ ರಿಯಾಯಿತಿ ಈಗ ಉಳಿಯಲಿಲ್ಲ. ಸೈನಿಕರಿಗೂ ನಾವಿಕರಿಗೂ ಮಾತ್ರ ವಿನಾಯಿತಿ. ದೊಡ್ಡ ಜಮೀನ್ದಾರನಿಗೂ ಒಂದೂವರೆ ಎಕರೆಯ ನಮ್ಮ ಅತ್ತೆಗೂ ಒಂದೇ ಕಾನೂನು. ಇದು ಸರಿಯೇ ಎಂದು ನಾನು ಇಂದಿಗೂ ನನ್ನನ್ನು ಕೇಳಿಕೊಳ್ಳುತ್ತೇನೆ. ವಿನಾಯಿತಿ ಇಟ್ಟಿದ್ದರೆ ದೊಡ್ಡವರೆಲ್ಲ ಮನೆಯ ವಿಧವೆಯರ ಹೆಸರಿಗೆ ಗದ್ದೆ ಬರೆಸುತ್ತಿದ್ದರು ಎಂಬ ಉತ್ತರವೂ ನನಗೆ ಗೊತ್ತಿದೆ. ಆ ಉತ್ತರದಿಂದ ಅತ್ತೆಯ ಡಬ್ಬಿಯಂತೂ ತುಂಬಲಿಲ್ಲ.

ಬರೆಯಬಲ್ಲವರು ಊರಿನಲ್ಲಿ ಕೆಲವರೇ. ಶಾಲೆ ಬಿಟ್ಟ ಮೇಲೆ ಸಂಜೆ ನನ್ನ ಕೋಣೆಯ ಮುಂದೆ ಜನ ಸೇರುತ್ತಿದ್ದರು. ಸರ್ವೆ ನಂಬರು, ವಿಸ್ತೀರ್ಣ, ಒಡೆಯನ ಹೆಸರು, ಎಷ್ಟು ವರ್ಷದಿಂದ ಸಾಗುವಳಿ. ಪಹಣಿಯಲ್ಲಿ ತಮ್ಮ ಹೆಸರಿದೆಯೆಂದು ನಂಬಿ ಬಂದವರಲ್ಲಿ ಕೆಲವರ ಹೆಸರು ಅಲ್ಲಿ ಇರುತ್ತಲೇ ಇರಲಿಲ್ಲ. 'ಸ್ವಂತ' ಎಂದು ಬರೆದಿರುತ್ತಿತ್ತು. ಹೀಗೆ ಎಷ್ಟು ಅರ್ಜಿಗಳನ್ನು ಬರೆದೆನೋ ಲೆಕ್ಕವಿಟ್ಟಿಲ್ಲ. ಒಂದು ರಾತ್ರಿ ಊಟವಾದ ಮೇಲೆ ಅತ್ತೆಯ ಒಕ್ಕಲು ಬಂದ. ಫಾರಮನ್ನು ಪಂಚೆಯ ತುದಿಯಲ್ಲಿ ಕಟ್ಟಿಕೊಂಡು ಬಂದಿದ್ದ. ನಾನೇನೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಲಾಟೀನಿನ ಬೆಳಕಿನಲ್ಲಿ ತುಂಬಿಕೊಟ್ಟೆ. ಭೂಮಾಲೀಕರ ಹೆಸರು ಎಂಬ ಜಾಗದಲ್ಲಿ ಅತ್ತೆಯ ಹೆಸರನ್ನು ಬರೆಯುವಾಗ ಕೈ ಒಂದು ಕ್ಷಣ ತಡೆಯಿತು.

ಮಾರನೆಯ ದಿನ ಅತ್ತೆಯ ಮನೆಗೆ ಹೋದೆ. ಅವರು ಕೊಟ್ಟ ಮಜ್ಜಿಗೆ ಕುಡಿದೆ. ವಿಷಯ ಹೇಳಲಿಲ್ಲ. ಅದರ ಮರುದಿನವೂ ಹೇಳಲಿಲ್ಲ. ನ್ಯಾಯಮಂಡಳಿಯಿಂದ ನೋಟೀಸು ಬಂದಾಗ ಅದನ್ನು ಓದಿಸಿಕೊಳ್ಳಲು ಅವರು ನನ್ನ ಬಳಿಗೇ ಬಂದರು. ಓದಿ ಹೇಳಿದೆ. ಅರ್ಜಿಯ ಅಕ್ಷರ ಯಾರದ್ದೆಂದು ಆಗಲೂ ಹೇಳಲಿಲ್ಲ.

ವಿಚಾರಣೆ ನಡೆದದ್ದು 1976ರಲ್ಲಿ. ಅದರ ಹಿಂದಿನ ವಾರ ಮೈದುನರು ಬಂದು ಅತ್ತೆಗೆ ಪಾಠ ಹೇಳಿದ್ದರು: "ಅವನು ಗೇಣಿದಾರನಲ್ಲ, ಕೂಲಿಯ ಆಳು ಎಂದು ಹೇಳು. ಗೇಣಿಯ ರಸೀದಿ ಅವನಲ್ಲಿ ಇಲ್ಲ. ಪಹಣಿಯಲ್ಲಿ ನಿನ್ನ ಹೆಸರೇ ಇದೆ." ಆ ದಿನಗಳಲ್ಲಿ ಅನೇಕರು ಹೀಗೆಯೇ ಹೇಳಿ ಉಳಿಸಿಕೊಂಡರು. ರಸೀದಿ ಕೊಡದಿದ್ದ ಆ ಹಳೆಯ ಪದ್ಧತಿಯ ಫಲ ಎಷ್ಟು ದೂರ ಸಾಗಿಬಂದಿತು ನೋಡಿ.

ಸಾಗರದ ಆ ಕಚೇರಿಯಲ್ಲಿ ಅತ್ತೆ ಗೋಡೆಗೆ ಒರಗಿ ನಿಂತಿದ್ದರು. ಸೆರಗು ತಲೆಯ ಮೇಲಿತ್ತು. ಸಾಕ್ಷಿಯೆಂದು ನಾನೂ ಹೋಗಿದ್ದೆ. ಅಧ್ಯಕ್ಷರು, "ಈ ಗದ್ದೆಯನ್ನು ಉಳುತ್ತಿರುವವರು ಯಾರಮ್ಮ?" ಎಂದು ಕೇಳಿದರು. ಮೈದುನರು ಬಾಗಿಲ ಬಳಿ ಕೆಮ್ಮಿದರು. ಅತ್ತೆ ಒಕ್ಕಲಿನತ್ತ ಕೈತೋರಿಸಿ, "ಅವನೇ. ಹದಿನಾರು ವರ್ಷದಿಂದ ಅವನೇ. ನಾನು ಗೇಣಿ ತಿಂದಿದ್ದೇನೆ" ಎಂದರು. ಮಂಡಳಿಗೆ ನನ್ನ ಸಾಕ್ಷಿಯ ಅಗತ್ಯವೇ ಬೀಳಲಿಲ್ಲ.

ಹಿಂತಿರುಗುವಾಗ ಬಸ್ಸಿನಲ್ಲಿ ನನ್ನ ಪಕ್ಕದಲ್ಲಿ ಕುಳಿತಿದ್ದರು. ಊರು ಹತ್ತಿರವಾದಾಗ ಕಿಟಕಿಯ ಹೊರಗೆ ನೋಡುತ್ತಲೇ, "ಅರ್ಜಿಯ ಅಕ್ಷರ ನಿನ್ನದು. ನಿನಗೆ ಅಕ್ಷರ ತಿದ್ದಿಸಿದವಳು ನಾನು, ನನಗೆ ತಿಳಿಯುವುದಿಲ್ಲವೇ? ಬರೆದುಕೊಟ್ಟದ್ದಕ್ಕೆ ನನಗೆ ಸಿಟ್ಟಿಲ್ಲ. ನನಗೆ ಹೇಳಿ ಬರೆಯಬಹುದಿತ್ತು" ಎಂದರು. ನಾನು ಉತ್ತರಿಸಲಿಲ್ಲ. ಅವರಿಗೆ ಅಕ್ಷರ ಚೆನ್ನಾಗಿ ಬರುತ್ತಿತ್ತು. ನೋಟೀಸನ್ನು ಓದಿಸಿಕೊಳ್ಳಲು ನನ್ನ ಬಳಿಗೆ ಬಂದದ್ದೇಕೆಂದು ಆ ಬಸ್ಸಿನಲ್ಲಿ ನನಗೆ ಹೊಳೆಯಿತು.

ಆದೇಶ ಮರುವರ್ಷ ಬಂದಿತು. ಪರಿಹಾರದ ಹಣ ಸ್ವಲ್ಪ, ಅದೂ ಕಂತುಗಳಲ್ಲಿ, ಬಹಳ ತಡವಾಗಿ. ಅತ್ತೆ ಹಲಸಿನ ಹಪ್ಪಳ ಮಾಡಿ ಮಾರಿದರು, ಮದುವೆ ಮನೆಗಳಲ್ಲಿ ಅಡುಗೆಗೆ ಹೋದರು. ನನ್ನ ಸಂಬಳದಲ್ಲಿ ತಿಂಗಳಿಗೆ ಇಪ್ಪತ್ತು ರೂಪಾಯಿ ಕೊಡಲು ಹೋದಾಗ ಮೊದಲ ಎರಡು ವರ್ಷ ತೆಗೆದುಕೊಳ್ಳಲಿಲ್ಲ, ಆಮೇಲೆ ತೆಗೆದುಕೊಂಡರು. ಸುಗ್ಗಿಯಲ್ಲಿ ಒಕ್ಕಲಿನ ಮನೆಯಿಂದ ಒಂದು ಮೂಟೆ ಅಕ್ಕಿ ಬಂದಿತು. ಒಕ್ಕಲು ಎಂಬ ಪದವನ್ನು ಇಲ್ಲಿ ಅಭ್ಯಾಸಬಲದಿಂದ ಬರೆದೆ. ಆಗ ಅವನು ಒಡೆಯನೇ. ಅತ್ತೆ ಅದನ್ನು ಹಿಂದಕ್ಕೆ ಕಳಿಸಿದರು. ಮರುವರ್ಷ ಅವನ ಹೆಂಡತಿಯೇ ಬಂದು ಜಗಲಿಯಲ್ಲಿ ಕುಳಿತಳು. ಇಬ್ಬರೂ ಏನು ಮಾತಾಡಿಕೊಂಡರೋ ತಿಳಿಯದು, ಅಂದಿನಿಂದ ಅಕ್ಕಿ ಹಿಂದಕ್ಕೆ ಹೋಗಲಿಲ್ಲ. ಅತ್ತೆ 1993ರಲ್ಲಿ ತೀರಿಕೊಂಡರು. "ಸ್ವಂತ ಅತ್ತೆಯ ಗದ್ದೆ ಬರೆದುಕೊಟ್ಟವನು" ಎಂದು ನಮ್ಮ ಬಳಗದಲ್ಲಿ ನನ್ನ ಬಗ್ಗೆ ಆಡುವ ಮಾತು ಸುಳ್ಳಲ್ಲ. ಕೋರ್ಟಿನಲ್ಲಿ ಅತ್ತೆ ಆಡಿದ ಮಾತನ್ನು ಮಾತ್ರ ಬಳಗದಲ್ಲಿ ಯಾರೂ ನೆನೆಯುವುದಿಲ್ಲ. ಅದಕ್ಕಾಗಿಯೇ ಇಷ್ಟನ್ನು ಬರೆದೆ.

ರಾಜ್ಯದಲ್ಲಿ ಸುಮಾರು ಎಂಟು ಲಕ್ಷ ಅರ್ಜಿಗಳು ಬಂದವು. ಕೊನೆಯ ಗಡುವು 1979ರ ಜೂನ್ 30ರವರೆಗೂ ಬೆಳೆಯಿತು. ಅರ್ಧಕ್ಕಿಂತ ಹೆಚ್ಚು ಅರ್ಜಿಗಳು ಒಕ್ಕಲುಗಳ ಪರವಾಗಿ ತೀರ್ಮಾನವಾದವು. ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗಗಳಲ್ಲಿ ಅದರ ಪ್ರಭಾವ ಎದ್ದು ಕಂಡಿತು. ಗೋಪಾಲಗೌಡರು ಇದನ್ನು ನೋಡಲು ಉಳಿದಿರಲಿಲ್ಲ, 1972ರ ಜೂನ್ 9ರಂದೇ ತೀರಿಕೊಂಡಿದ್ದರು. ಕಾಗೋಡಿನ ಒಕ್ಕಲು ಮನೆತನದಿಂದ ಬಂದ ಕಾಗೋಡು ತಿಮ್ಮಪ್ಪನವರು ಆ ವರ್ಷವೇ ಸಾಗರದಿಂದ ಶಾಸಕರಾದರು. ಬಹುಕಾಲದ ನಂತರ ವಿಧಾನಸಭೆಯ ಅಧ್ಯಕ್ಷರೂ ಕಂದಾಯ ಸಚಿವರೂ ಆದರು. ಗೇಣಿಯ ಹಕ್ಕೂ ಇಲ್ಲದೆ ಬರಿಯ ಕೂಲಿಯಾಗಿ ದುಡಿದವರಿಗೆ ಈ ಶಾಸನದಿಂದ ದೊರೆತದ್ದು ಕಡಿಮೆ. ಶಿವರಾಮ ಕಾರಂತರ ಚೋಮ ಬಯಸಿದ್ದು ಒಂದು ತುಂಡು ಭೂಮಿಯ ಬೇಸಾಯವನ್ನು; ಅಂಥವರ ಮನೆಗಳಿಗೆ ಫಾರಂ ನಂಬರ್ 7 ಹೋಗಲೇ ಇಲ್ಲ, ತುಂಬಲು ಅವರಲ್ಲಿ ಸರ್ವೆ ನಂಬರೇ ಇರಲಿಲ್ಲ. ನಮ್ಮ ಶಾಲೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ಆ ಮಕ್ಕಳ ಹೆಸರುಗಳು ನನಗೆ ಇನ್ನೂ ನೆನಪಿವೆ.

ಬೆಂಗಳೂರಿನ ಶಿಷ್ಯನಿಗೆ ಮರುದಿನ ನಾನೇ ದೂರವಾಣಿ ಮಾಡಿ, ಇನ್ನು ಮುಂದೆ ಏನು ಕೊಟ್ಟರೂ ರಸೀದಿ ತೆಗೆದುಕೋ, ಮಾಲೀಕರ ಮನೆಗೆ ಹೋಗಿ ಎದುರು ಕುಳಿತು ಇಬ್ಬರೂ ಒಂದೇ ಹಾಳೆಯ ಮೇಲೆ ಲೆಕ್ಕ ಬರೆಯಿರಿ ಎಂದೆ. ಇದಿಷ್ಟೇ ನನಗೆ ಗೊತ್ತಿದ್ದದ್ದು.

ಅತ್ತೆಯ ಕೊಳಗ ಈಗ ನಮ್ಮ ಮನೆಯ ಅಟ್ಟದ ಮೇಲಿದೆ. ಬಳಗದ ಹುಡುಗಿಯೊಬ್ಬಳು ಹೊಸ ಮನೆಯ ಷೋಕೇಸಿನಲ್ಲಿ ಇಡಲು ಕೇಳಿದ್ದಾಳೆ, ಕೊಡಬೇಕೆಂದಿದ್ದೇನೆ. ಮೂರೂವರೆ ಸೇರು ಎಂದು ತಳದಲ್ಲಿ ಸುಣ್ಣದಿಂದ ಬರೆದಿಟ್ಟಿದ್ದೇನೆ, ಒರೆಸಬಾರದೆಂದು ಅವಳಿಗೆ ಹೇಳಬೇಕು.